ಕಟ್ಟಿಗೆ ಬಾಗಿಸುವುದು, ಕಪ್ಪಾಗಿಸುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೈಯಿಂದ ಕುರ್ಚಿ ಮಾಡುವವರವು. ಕೆಲವರಿಗೆ ಉಗಿಯಲ್ಲಿ ಕಟ್ಟಿಗೆ ಬಾಗಿಸುವ ಚಿಂತೆ, ಕೆಲವರಿಗೆ ಬಣ್ಣ ಬಳಿಯದೆ ಕಟ್ಟಿಗೆಯನ್ನೇ ಕರಿಮರದಂತೆ ಕಪ್ಪಾಗಿಸುವ ಚಿಂತೆ. ಎರಡನ್ನೂ ಒಂದೇ ಕುರ್ಚಿಗೆ ಮಾಡುವವರು ಮೊದಲು ಬಾಗಿಸಿ, ಪೂರ್ತಿ ಒಣಗಿಸಿ, ಆಮೇಲೆ ಕಪ್ಪು ಮಾಡಬೇಕು.

ಪ್ರಶ್ನೆ: ಕುರ್ಚಿ ಬೆನ್ನಿನ ಕಮಾನಿಗೆಂದು ಸಾಮಿಲ್‌ನಿಂದ ಒಂದು ಇಂಚು ದಪ್ಪದ ಸಾಗವಾನಿ ರೀಪು ತಂದು ಎರಡು ತಾಸು ಉಗಿ ಕೊಟ್ಟೆ. ಫರ್ಮಾಕ್ಕೆ (ಬಾಗು ಕೊಡುವ ಅಚ್ಚಿಗೆ) ಬಾಗಿಸುವಾಗ ಅರ್ಧಕ್ಕೇ ಹೊರಮೈ ಸೀಳಿತು. ಇನ್ನಷ್ಟು ಹೊತ್ತು ಉಗಿ ಕೊಡಬೇಕೇನ್ರಿ? (ಆಳಂದ)

ಬೇಡ, ಎರಡು ತಾಸೇ ಹೆಚ್ಚಾಯಿತು. ಇಂಚು ದಪ್ಪಕ್ಕೆ ಒಂದು ತಾಸು ಎಂಬುದು ಲೆಕ್ಕ. ಪೆಟ್ಟಿಗೆಯೊಳಗೆ ಉಗಿ ಪೂರ್ತಿ ಕಾದ ಮೇಲೆ ಎಣಿಕೆ ಶುರು. ಅತಿಯಾಗಿ ಬೆಂದ ಕಟ್ಟಿಗೆ ಬಾಗಿಸಿದಾಗ ಒಳಮೈಯಲ್ಲಿ ಸುಕ್ಕುಗಟ್ಟುತ್ತದೆ. ನಿಮ್ಮದು ಹೊರಮೈ ಸೀಳಿದ್ದು. ಅದಕ್ಕೆ ಕಾರಣ ಕಟ್ಟಿಗೆಯಲ್ಲೂ ಇದೆ, ಬಾಗಿಸಿದ ರೀತಿಯಲ್ಲೂ ಇದೆ.

ಮೊದಲು ಕಟ್ಟಿಗೆ. ಸಾಗವಾನಿ ಬಾಗಿಲು, ಕಿಟಕಿಗೆ ಎಷ್ಟು ಒಳ್ಳೆಯದೋ ಬಿಗಿಯಾದ ಬಾಗಿಗೆ ಅಷ್ಟು ಒಳ್ಳೆಯದಲ್ಲ. ಅದರ ಮೇಲೆ ಸಾಮಿಲ್ ಗರಗಸ ಎಳೆ ನೋಡಿ ಕೊಯ್ಯುವುದಿಲ್ಲ, ಗೆರೆ ನೋಡಿ ಕೊಯ್ಯುತ್ತದೆ. ಎಳೆ ರೀಪಿನ ಅಂಚಿಗೆ ಹಾಯ್ದು ಹೊರಬಿದ್ದ ಜಾಗದಲ್ಲೇ ಸೀಳು ಏಳುತ್ತದೆ. 15 ಇಂಚು ಉದ್ದಕ್ಕೆ ಎಳೆ ಒಂದು ಇಂಚಿಗಿಂತ ಹೆಚ್ಚು ವಾಲಿದ್ದರೆ ಆ ತುಂಡನ್ನು ಬಾಗಿಸುವ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಹೊಲದ ಬದುವಿನ ಜಾಲಿ ಸಿಗುತ್ತದೆ. ಬಂಡಿ ಗಾಲಿಗೆ ಹಿಂದಿನಿಂದ ಬಂದ ಕಟ್ಟಿಗೆ ಅದು. ಗಂಟಿಲ್ಲದ, ತಿರುಚಿಲ್ಲದ ಹಸಿ ಬೊಡ್ಡೆ ಸಿಕ್ಕರೆ ಕೊಯ್ಯದೆ ಬೆಣೆ ಬಡಿದು ಸೀಳಿ. ಆಗ ಎಳೆ ತಾನಾಗಿ ತುದಿಯಿಂದ ತುದಿಗೆ ಓಡುತ್ತದೆ. ಹಿಪ್ಪುನೇರಳೆ ಸಿಕ್ಕರಂತೂ ಬಿಡಬೇಡಿ, ಹಾಕಿ ಸ್ಟಿಕ್ಕಿನ ಬಾಗಿದ ತುದಿಗೆ ಬಳಸುವುದು ಅದನ್ನೇ. ಬೇವು, ಹುಣಸೆಗಳ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಈ ಕೆಲಸಕ್ಕೆ ಒಗ್ಗುವುದಿಲ್ಲ. ಸ್ವಂತ ಹೊಲದ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿ.

ಎರಡನೆಯದು ತೇವಾಂಶ. ಬಾಗಿಸಲು ಶೇ. 15ರಿಂದ 25ರಷ್ಟು ತೇವ ಬೇಕು. ಕಲಬುರಗಿಯ ಏಪ್ರಿಲ್, ಮೇ ಬಿಸಿಲಲ್ಲಿ ಕೊಟ್ಟಿಗೆಯೊಳಗೆ ಸುಮ್ಮನೆ ಇಟ್ಟ ರೀಪೂ ಶೇ. 6, 7ಕ್ಕೆ ಇಳಿದಿರುತ್ತದೆ. ಮೀಟರ್ ಇಲ್ಲದಿದ್ದರೆ ಅದೇ ಕಟ್ಟಿಗೆಯ ಚಿಕ್ಕ ತುಂಡು ತೂಗಿ, ಓವನ್‌ನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 120 ಗ್ರಾಂ ಇದ್ದದ್ದು 100 ಆದರೆ ತೇವ ಶೇ. 20. ಒಣಗಿದ ರೀಪನ್ನು ವಾರ ನೀರಲ್ಲಿ ನೆನೆಹಾಕಿದರೆ ಸ್ವಲ್ಪ ಉಪಯೋಗವುಂಟು, ಆದರೆ ನೀರು ನಡುವಿನವರೆಗೆ ಇಳಿಯುವುದು ಕಷ್ಟ. ಭಟ್ಟಿಯಲ್ಲಿ ಒಣಗಿಸಿದ ಕಟ್ಟಿಗೆ ಎಷ್ಟು ನೆನೆಸಿದರೂ ಹಸಿಯದರಂತೆ ಮಣಿಯುವುದಿಲ್ಲ.

ಮೂರನೆಯದೇ ಬಹಳ ಮಂದಿ ಬಿಟ್ಟುಬಿಡುವುದು: ಉಕ್ಕಿನ ಪಟ್ಟಿ. ಉಗಿಯಲ್ಲಿ ಬೆಂದ ಕಟ್ಟಿಗೆ ಒತ್ತಿದರೆ ಚೆನ್ನಾಗಿ ಕುಗ್ಗುತ್ತದೆ, ಒಳ್ಳೆಯ ಜಾತಿಯದಾದರೆ ಶೇ. 25ರವರೆಗೂ. ಎಳೆದರೆ ಮಾತ್ರ ಶೇ. 1, 2ಕ್ಕಿಂತ ಹಿಗ್ಗುವುದಿಲ್ಲ. ಒಂದು ಇಂಚು ದಪ್ಪದ ರೀಪನ್ನು 10 ಇಂಚು ತ್ರಿಜ್ಯದ ಕಮಾನಿಗೆ ಬರಿಗೈಯಲ್ಲಿ ಬಾಗಿಸಿದರೆ ಹೊರಮೈ ಶೇ. 5ರಷ್ಟು ಹಿಗ್ಗಬೇಕಾಗುತ್ತದೆ. ಅದು ಹಿಗ್ಗದು, ಹರಿಯುತ್ತದೆ. ಇದೇ ಕಮಾನಿಗೆ ಮೂರು ಸೂತ್ (3/8 ಇಂಚು) ದಪ್ಪದ ರೀಪಾದರೆ ಪಟ್ಟಿ ಇಲ್ಲದೆಯೂ ಬಾಗುತ್ತದೆ.

ಒಂದು ಇಂಚೇ ಬೇಕೆಂದರೆ ರೀಪಿನಷ್ಟೇ ಅಗಲದ, ಒಂದರಿಂದ ಒಂದೂವರೆ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಪಟ್ಟಿ ತನ್ನಿ. ಎರಡೂ ತುದಿಗೆ ಗಟ್ಟಿ ಕಟ್ಟಿಗೆಯ ತಡೆಗಳನ್ನು ಬೋಲ್ಟ್ ಹಾಕಿ ಕೂರಿಸಿ. ರೀಪು ಆ ಎರಡು ತಡೆಗಳ ನಡುವೆ ಅಲುಗದಂತೆ ಕೂಡಬೇಕು. ಪಟ್ಟಿ ಹೊರಮೈಗೆ ಬರಬೇಕು, ಆಗ ಹಿಗ್ಗುವ ಕೆಲಸ ಉಕ್ಕಿಗೆ, ಕುಗ್ಗುವ ಕೆಲಸ ಕಟ್ಟಿಗೆಗೆ. ತಡೆ ಸಡಿಲಾದರೆ ಹಳೆಯ ಸೀಳೇ ಬರುತ್ತದೆ. ಅತಿ ಬಿಗಿಯಾದರೆ ಒಳಮೈ ಮಡಚಿಕೊಳ್ಳುತ್ತದೆ. ಆದ್ದರಿಂದ ಒಂದು ತುದಿಯ ತಡೆಗೆ ಬೆಣೆ ಇಟ್ಟು, ಬಾಗಿಸುತ್ತಾ ಹೋದಂತೆ ಸ್ವಲ್ಪ ಸಡಿಲಿಸುವಂತೆ ಮಾಡಿಕೊಳ್ಳಿ. ಆಸ್ಟ್ರಿಯಾದಲ್ಲಿ ಮೈಕೇಲ್ ಥೋನೆಟ್ ಬೀಚ್ ಕಟ್ಟಿಗೆಯಿಂದ 1859ರಲ್ಲಿ ಹೊರತಂದ 14ನೇ ನಂಬರ್ ಕುರ್ಚಿ ಲೋಕಪ್ರಸಿದ್ಧವಾದದ್ದರ ಹಿಂದೆ ಇದ್ದದ್ದೂ ಇದೇ ಪಟ್ಟಿಯ ಉಪಾಯ.

ಪೆಟ್ಟಿಗೆಯಿಂದ ತೆಗೆದು ಕ್ಲ್ಯಾಂಪು ಬಿಗಿಯುವವರೆಗೆ ಅರ್ಧ ನಿಮಿಷದ ಆಚೀಚೆ ಅಷ್ಟೇ ಸಮಯ. ಇಬ್ಬರು ಬೇಕು, ದಪ್ಪ ಚರ್ಮದ ಕೈಗವಸು ಬೇಕು. ತಣ್ಣನೆಯ ರೀಪು ಹಿಡಿದು ಒಮ್ಮೆ ಕೈ ಪಳಗಿಸಿಕೊಳ್ಳಿ: ಯಾರು ಬಾಗಿಲು ತೆಗೆಯುವುದು, ಯಾವ ಕ್ಲ್ಯಾಂಪು ಮೊದಲು, ಹಿಡಿಕೆ ಯಾವ ಕಡೆ. ಫೋನಿಗೆ ಉತ್ತರಿಸುವ ಹೊತ್ತಲ್ಲ ಅದು.

ಪ್ರಶ್ನೆ: ನಮ್ಮ ಉಗಿ ಪೆಟ್ಟಿಗೆ 97 ಡಿಗ್ರಿ ದಾಟುವುದೇ ಇಲ್ಲ. ಬಾಗಿಲು ಗಟ್ಟಿ ಮುಚ್ಚಿದರೆ ಏರುತ್ತದೆಯೇ? (ಬೀದರ್)

ದಯವಿಟ್ಟು ಹಾಗೆ ಮಾಡಬೇಡಿ, ಪೆಟ್ಟಿಗೆ ಸಿಡಿಯುತ್ತದೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೇ 97, 98 ಡಿಗ್ರಿಗೆ. ಕಲಬುರಗಿಯಲ್ಲಿ ಒಂದು ಡಿಗ್ರಿ ಹೆಚ್ಚು ಇರಬಹುದು. ಕೆಲಸಕ್ಕೆ ಅಷ್ಟು ಸಾಕು. 85, 90ಕ್ಕೇ ನಿಂತರೆ ಚಿಂತಿಸಿ: ಒಲೆ ಸಣ್ಣದು, ಅಥವಾ ಪೆಟ್ಟಿಗೆ ದೊಡ್ಡದು. 4 ಅಡಿ ಉದ್ದ, 6 ಇಂಚು ಚೌಕದ ಪೆಟ್ಟಿಗೆಗೆ 15 ಲೀಟರ್ ಡಬ್ಬಿ, ಒಂದು ದೊಡ್ಡ ಗ್ಯಾಸ್ ಬರ್ನರ್ ಬೇಕು. ಬಾಗಿಲಿಗೆ ಬಟ್ಟೆ ತುರುಕಿದರೆ ಸಾಕು, ಕೆಳತುದಿಯಲ್ಲಿ ನೀರು ಸೋರಲು ಬೆರಳು ಗಾತ್ರದ ತೂತಿರಲಿ. ಬೋರ್‌ವೆಲ್ ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಬಿಳಿ ಪದರ ಕಟ್ಟಿ ಗ್ಯಾಸ್ ಸುಮ್ಮನೆ ಉರಿಯುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಬಳಸಿ.

ಪ್ರಶ್ನೆ: ಜಾಲಿ ಕಟ್ಟಿಗೆ ಚೆನ್ನಾಗಿ ಬಾಗಿತು. ಆದರೆ ಮೈಮೇಲೆ ನೀಲಿಗಪ್ಪು ಕಲೆ ಸಾಲಾಗಿ ಎದ್ದಾವ. ಬೂಷ್ಟೇನ್ರಿ ಇದು? (ಸೇಡಂ)

ಬೂಷ್ಟಲ್ಲ, ಕಬ್ಬಿಣ. ಜಾಲಿಯಲ್ಲಿ ಒಗರಿನ ಅಂಶ ಅಂದರೆ ಟ್ಯಾನಿನ್ ತುಂಬಾ ಇದೆ. ಹದ ಮಾಡುವವರು ಚರ್ಮಕ್ಕೆ ಅದರ ತೊಗಟೆ ಹಾಕುವುದು ಅದಕ್ಕೇ. ಒದ್ದೆ ಟ್ಯಾನಿನ್‌ಗೆ ಕಬ್ಬಿಣ ತಗುಲಿದರೆ ಕಪ್ಪಾಗುತ್ತದೆ. ಕಲೆ ಸಾಲಾಗಿದೆ ಎಂದರೆ ಪೆಟ್ಟಿಗೆಯೊಳಗೆ ರೀಪನ್ನು ಮೊಳೆ ಅಥವಾ ಕಬ್ಬಿಣದ ಸರಳಿನ ಮೇಲೆ ಇಟ್ಟಿದ್ದೀರಿ. ಬಿದಿರಿನ ಕಡ್ಡಿ ಹಾಕಿ, ಬಾಗಿಸುವ ಪಟ್ಟಿ ಸ್ಟೇನ್‌ಲೆಸ್ ಆಗಿರಲಿ. ಬಂದ ಕಲೆಗೆ 1 ಲೀಟರ್ ಬಿಸಿನೀರಿಗೆ 40 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಅದು ವಿಷ, ರಬ್ಬರ್ ಕೈಗವಸು ಹಾಕಿ, ಒಣಗಿದ ಮೇಲೆ ಏಳುವ ಪುಡಿ ಮೂಗಿಗೆ ಹೋಗದಂತೆ ನೋಡಿ. ಕೊನೆಗೆ ಇಡೀ ಕುರ್ಚಿ ಕಪ್ಪು ಮಾಡುವುದಿದ್ದರೆ ಕಲೆಗೆ ತಲೆ ಕೆಡಿಸಿಕೊಳ್ಳಬೇಡಿ. ಆಕ್ಸಾಲಿಕ್ ಉಳಿದ ಜಾಗಕ್ಕೆ ಕಪ್ಪು ಹಿಡಿಯುವುದೂ ಇಲ್ಲ.

ಪ್ರಶ್ನೆ: ವಿನೆಗರ್‌ಗೆ ಪಾತ್ರೆ ಉಜ್ಜುವ ಸ್ಟೀಲ್ ಜುಂಗು ಹಾಕಿ ಹತ್ತು ದಿನವಾಯಿತು, ಹಾಗೇ ಹೊಳೆಯುತ್ತಿದೆ. ಮೊಳೆ ಹಾಕಿದ ಇನ್ನೊಂದು ಬಾಟಲಿ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಯಾವುದೂ ಕಪ್ಪು ಕೊಡುತ್ತಿಲ್ಲ. (ಕಲಬುರಗಿ)

ಪಾತ್ರೆ ಉಜ್ಜುವ ಜುಂಗು ಸ್ಟೇನ್‌ಲೆಸ್, ವಿನೆಗರ್‌ಗೆ ಅದು ಜಗ್ಗುವುದಿಲ್ಲ. ಬೇಕಾದದ್ದು ಪೇಂಟ್ ಅಂಗಡಿಯಲ್ಲಿ ಸಿಗುವ, ತುಕ್ಕು ಹಿಡಿಯುವ ಜಾತಿಯ ಸ್ಟೀಲ್ ವುಲ್, ನಂಬರ್ 0000. ಕಾರ್ಖಾನೆಯ ಎಣ್ಣೆ ಹೋಗುವಂತೆ ಅದನ್ನು ಸೋಪಿನಲ್ಲಿ ತೊಳೆದು ಒಣಗಿಸಿ. ಕಿರಾಣಿ ಅಂಗಡಿಯ ಸಿಂಥೆಟಿಕ್ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇ. 4 ಆಮ್ಲ ಇರುತ್ತದೆ. ಅಂದರೆ ಲೀಟರಿಗೆ 40 ಗ್ರಾಂ, ಅದು 18, 19 ಗ್ರಾಂ ಕಬ್ಬಿಣ ಕರಗಿಸಬಲ್ಲದು. ಹಾಗಾಗಿ ಲೀಟರಿಗೆ 20 ಗ್ರಾಂ ಸ್ಟೀಲ್ ವುಲ್ ಹಾಕಿ. ಕೊನೆಗೆ ಚೂರು ಉಳಿದರೆ ಒಳ್ಳೆಯದೇ. ಗಾಜಿನ ಬರಣಿ ತೆಗೆದುಕೊಳ್ಳಿ, ಮುಚ್ಚಳ ಸಡಿಲ ಇರಲಿ. ಏಳುವ ಗುಳ್ಳೆ ಹೈಡ್ರೋಜನ್. ಬಿಗಿದರೆ ಬರಣಿ ಒಡೆಯುತ್ತದೆ, ಒಲೆಯ ಹತ್ತಿರ ಇಟ್ಟರೆ ಇನ್ನೂ ಅಪಾಯ. ನಾಲ್ಕೈದು ದಿನದಲ್ಲಿ ತಿಳಿ ಬೂದು ಅಥವಾ ನಸು ಹಸಿರು ನೀರು ಸಿಗುತ್ತದೆ. ಇದೇ ಕಬ್ಬಿಣದ ನೀರು, ಟ್ಯಾನಿನ್ ಇರುವ ಕಟ್ಟಿಗೆಗೆ ಹಚ್ಚಿದರೆ ಕಪ್ಪು ಮಾಡುವುದು ಇದೇ. ದಟ್ಟ ಬಟ್ಟೆಯಲ್ಲಿ ಸೋಸಿ.

ಕಿತ್ತಳೆ ಬಣ್ಣ ಬಂದರೆ ಗಾಳಿ ತಾಗಿ ಕಬ್ಬಿಣ ತುಕ್ಕಿನ ರೂಪಕ್ಕೆ ತಿರುಗಿದೆ ಎಂದರ್ಥ. ಹಚ್ಚಿದರೆ ಕೆಂಗಂದು ಕೆಸರಿನ ಛಾಯೆ ಬಿಡುತ್ತದೆ. ಚೆಲ್ಲಿ, ಹೊಸದು ಮಾಡಿ. ಗುಳ್ಳೆ ನಿಂತ ಮೇಲೆ ಚಿಕ್ಕ ಬಾಟಲಿಗಳಿಗೆ ಕಂಠದವರೆಗೆ ತುಂಬಿಟ್ಟರೆ ತಾಳುತ್ತದೆ. ಮೊಳೆಗೆ ಸತುವಿನ ಲೇಪ ಇದ್ದರೂ ಕೆಲಸ ಕೆಡುತ್ತದೆ.

ಪ್ರಶ್ನೆ: ಸಾಗವಾನಿ ಕುರ್ಚಿಗೆ ಕಬ್ಬಿಣದ ನೀರು ಹಚ್ಚಿದೆ. ಎಲ್ಲೋ ಕಪ್ಪು, ಎಲ್ಲೋ ಬೂದಿ, ಕೂಡಿಸಿದ ಕೀಲುಗಳ ಸುತ್ತ ಬಿಳಿ ಬಿಳಿ. (ಹುಮನಾಬಾದ್)

ಟ್ಯಾನಿನ್ ಎಷ್ಟಿದೆಯೋ ಅಷ್ಟೇ ಕಪ್ಪು. ಚೇಗಿನ ಭಾಗ ಬೇಗ ಕಪ್ಪಾಗುತ್ತದೆ, ಹೊರಗಿನ ಬಿಳಿ ಭಾಗ ಹಿಂದೆ ಬೀಳುತ್ತದೆ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಬೇರೆ. ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ಆಮೇಲೆ ಹೊರಗಿನಿಂದ ಟ್ಯಾನಿನ್ ಉಣಿಸಬೇಕು. ಚಹಾ ಡಿಕಾಕ್ಷನ್ ಬಹಳ ಪೇಲವ. ಗಂಧಿಗೆ ಅಂಗಡಿಯ ಅಳಲೆಕಾಯಿ ಪುಡಿ ತನ್ನಿ, ಕಲಂಕಾರಿಯವರು ಬಟ್ಟೆಗೆ ಕಪ್ಪು ಹಿಡಿಸುವ ಮೊದಲು ಅದ್ದುವುದು ಅದರಲ್ಲೇ. 1 ಲೀಟರ್ ಬಿಸಿನೀರಿಗೆ 50 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟು ಸೋಸಿ. ನಿಮ್ಮ ಬೋರ್‌ವೆಲ್ ನೀರಿಗೆ ಚಿಟಿಕೆ ಪುಡಿ ಹಾಕಿದಾಗಲೇ ನೀರು ನೀಲಿಬೂದಿಗೆ ತಿರುಗಿದರೆ ಅದರಲ್ಲಿ ಕಬ್ಬಿಣ ಇದೆ. ಫಿಲ್ಟರ್ ನೀರು ಬಳಸಿ.

ಹಚ್ಚುವ ಮೊದಲು ಕುರ್ಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ನಾರನ್ನು 220 ನಂಬರ್ ಪೇಪರ್‌ನಲ್ಲಿ ತಿಕ್ಕಿ. ಇದನ್ನೇ ಇನ್ನೊಮ್ಮೆ 320ರಲ್ಲಿ. ಕಪ್ಪು ಆದ ಮೇಲೆ ತಿಕ್ಕಿದರೆ ಬಿಳಿ ಇಣುಕುತ್ತದೆ, ಏಕೆಂದರೆ ಬಣ್ಣ ಇಳಿಯುವುದು ಮೇಲ್ಮೈಗೆ ಮಾತ್ರ. ಅಳಲೆ ನೀರು ಎರಡು ಕೈ, ಒಣಗಿದ ಮೇಲೆ ಕಬ್ಬಿಣದ ನೀರು ಒಂದು ಕೈ, ಅರ್ಧ ತಾಸಿನ ನಂತರ ಮತ್ತೆ ಅಳಲೆ. ಎರಡಕ್ಕೂ ಬೇರೆ ಬೇರೆ ಬ್ರಷ್. ಒಂದೇ ಬ್ರಷ್ ಅದ್ದಿದರೆ ಬರಣಿಯಲ್ಲೇ ಮಸಿ ತಯಾರಾಗುತ್ತದೆ, ಕಟ್ಟಿಗೆಯ ಮೇಲೆ ಅಲ್ಲ.

ಕೀಲಿನ ಸುತ್ತಲಿನ ಬಿಳಿ ಫೆವಿಕಾಲ್‌ನದು. ಹಿಂಡಿ ಬಂದ ಅಂಟು ಒರೆಸಿದರೂ ರಂಧ್ರದೊಳಗೆ ಕೂತಿರುತ್ತದೆ, ನೀರು ಒಳಗೆ ಬಿಡುವುದಿಲ್ಲ. ಈಗ ಅಲ್ಲಿ ಉಳಿಯಿಂದ ಕೆರೆದು ಮತ್ತೆ ಹಚ್ಚಿ. ಮುಂದಿನ ಸಲ ಕೂಸಿನ (ಕೀಲಿನ ತೂತಿಗೆ ಕೂರುವ ಮೊನೆಯ) ತುದಿಗೆ ಟೇಪ್ ಸುತ್ತಿ ಬಿಡಿಭಾಗಗಳನ್ನು ಕಪ್ಪು ಮಾಡಿ ಆಮೇಲೆ ಜೋಡಿಸಿ.

ಪ್ರಶ್ನೆ: ಬಿದ್ರಿ ಪಾತ್ರೆಗೆ ಕಪ್ಪು ಕೊಡುವ ಕೋಟೆ ಮಣ್ಣು, ನವಸಾಗರದ ನೀರನ್ನೇ ಕಟ್ಟಿಗೆಗೆ ಹಾಕಬಹುದಲ್ಲ? (ಬೀದರ್)

ಆಗದು. ಅಲ್ಲಿ ಕಪ್ಪಾಗುವುದು ಸತು ಹೆಚ್ಚು, ತಾಮ್ರ ಸ್ವಲ್ಪ ಬೆರೆತ ಲೋಹ. ಅದರೊಳಗೆ ಕೂರಿಸಿದ ಬೆಳ್ಳಿ ಕೂಡ ಆ ನೀರಿಗೆ ಕಪ್ಪಾಗದೆ ಬೆಳ್ಳಗೇ ಉಳಿಯುತ್ತದೆ. ಕಟ್ಟಿಗೆಯಲ್ಲಿ ಆ ಲೋಹವೇ ಇಲ್ಲ. ಹಚ್ಚಿದರೆ ಮಣ್ಣಿನ ಕಲೆ ಸಿಕ್ಕೀತು, ಮೇಲೆ ನವಸಾಗರದಿಂದ ಸ್ಕ್ರೂಗಳಿಗೆ ತುಕ್ಕು.

ಪ್ರಶ್ನೆ: ಬಾಗಿಸಿದ ಕಮಾನು ಬೇಸಿಗೆಯಲ್ಲಿ ಸರಿ ಇತ್ತು, ಮಳೆಗಾಲಕ್ಕೆ ಅರಳಿಕೊಂಡಿತು. (ಶಹಾಪುರ)

ಫರ್ಮಾದಿಂದ ಬೇಗ ಬಿಡಿಸಿದ್ದೀರಿ. ಒಂದು ಇಂಚಿನ ಕಟ್ಟಿಗೆ ಕನಿಷ್ಠ ಒಂದು ವಾರ ಫರ್ಮಾದಲ್ಲೇ, ನೆರಳಿನಲ್ಲಿ ಇರಬೇಕು. ಆಮೇಲೆ ಎರಡು ತುದಿಗೆ ಅಡ್ಡಪಟ್ಟಿ ಬಡಿದು ಎರಡು ಮೂರು ವಾರ. ಬೇಗ ಒಣಗಲೆಂದು ಬಿಸಿಲಿಗೆ ಇಟ್ಟರೆ ತುದಿಯಿಂದ ಬಿರಿಯುತ್ತದೆ, ತುದಿಗಳಿಗೆ ಮೊದಲೇ ಮೇಣ ಬಳಿಯಿರಿ. ಬಿಡಿಸಿದಾಗ ಸ್ವಲ್ಪ ಅರಳುವುದು ಸಹಜ. ಅದಕ್ಕೇ ಫರ್ಮಾದ ತ್ರಿಜ್ಯ ಬೇಕಾದುದಕ್ಕಿಂತ ಶೇ. 5ರಿಂದ 10 ಚಿಕ್ಕದಿರಲಿ. ತೇವ ಏರಿದಾಗ ಮತ್ತಷ್ಟು ಅರಳುವುದನ್ನು ಕುರ್ಚಿಯ ಬೆನ್ನುಕಡ್ಡಿಗಳೇ ಹಿಡಿದಿಡುತ್ತವೆ, ಒಣಗಿದ ತಕ್ಷಣ ಜೋಡಿಸಿಬಿಡಿ.

ಪ್ರಶ್ನೆ: ಕಪ್ಪು ಮಾಡಿದ ಕುರ್ಚಿಯಲ್ಲಿ ಕೂತರೆ ಬಿಳಿ ಅಂಗಿಗೆ ಬಣ್ಣ ಹತ್ತುತ್ತದೆ. ಮೈಯೂ ಬೂದಿ ಬೂದಿಯಾಗಿ ಕಾಣುತ್ತದೆ. (ಯಾದಗಿರಿ)

ಮೇಲೆ ಉಳಿದ ಪುಡಿ ಅದು. ಒಂದು ದಿನ ಒಣಗಲು ಬಿಟ್ಟು ಒದ್ದೆ ಬಟ್ಟೆಯಲ್ಲಿ, ಬಟ್ಟೆಗೆ ಕಪ್ಪು ಹತ್ತದವರೆಗೆ ಒರೆಸಿ. ಬೂದಿ ಕಾಣುವುದು ಎಣ್ಣೆ ಬೀಳುವವರೆಗೆ ಮಾತ್ರ. ಎಣ್ಣೆ ಕುಡಿದ ಕೂಡಲೇ ಆಳವಾದ ಕಪ್ಪು ಏಳುತ್ತದೆ. ಅಡುಗೆಯ ಅಗಸಿ ಎಣ್ಣೆ ಒಣಗಲು ವಾರಗಟ್ಟಲೆ ಹಿಡಿಯುತ್ತದೆ, ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ತನ್ನಿ. ತೆಳ್ಳಗೆ ಹಚ್ಚಿ ಇಪ್ಪತ್ತು ನಿಮಿಷದಲ್ಲಿ ಒರೆಸಿ ತೆಗೆಯಿರಿ. ಮೂರು ದಿನ ಬಿಟ್ಟು ಚಪಡಾ (ಅರಗಿನ) ಪಾಲಿಶ್, ಲೀಟರ್ ಸ್ಪಿರಿಟ್‌ಗೆ 150 ಗ್ರಾಂ. ಗಾಜಿನ ಬಾಟಲಿಯಲ್ಲೇ ಇಡಿ, ಕಬ್ಬಿಣದ ಡಬ್ಬಿಯಲ್ಲಿ ಅದರ ಬಣ್ಣವೂ ಕೆಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್‌ಸೀಡ್ ಒಣಗುವಾಗ ಶಾಖ ಬಿಡುತ್ತದೆ, ನಮ್ಮ ಬೇಸಿಗೆಯಲ್ಲಿ ಅಂಥ ಮುದ್ದೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಒಂದೊಂದಾಗಿ ಬಿಡಿಸಿ ಹೊರಗೆ ಹಗ್ಗದ ಮೇಲೆ ಗಟ್ಟಿಯಾಗುವವರೆಗೆ ಒಣಗಿಸಿ ಆಮೇಲೆ ಬಿಸಾಕಿ.