ಓದುಗರ ಪ್ರಶ್ನೆ, ನಮ್ಮ ಉತ್ತರ: ಮುನ್ನೂರು ಜನರ ಊರಿಗೊಬ್ಬ ಮೇಯರ್

ಪ್ರಶ್ನೆ: ಫ್ರಾನ್ಸಿನಲ್ಲಿ ಮುನ್ನೂರು ಜನರಿರುವ ಹಳ್ಳಿಗೂ ಮೇಯರ್ ಇರುತ್ತಾರೆಂದು ಕೇಳಿದ್ದೇನೆ. ನಮ್ಮ ಪಂಚಾಯತಿನ ಒಂದು ವಾರ್ಡಿನಲ್ಲಿಯೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಅಂಥ ಮೇಯರಿಗೆ ನಿಜವಾದ ಅಧಿಕಾರವೇನಾದರೂ ಇದೆಯೇ?
– ಓದುಗರೊಬ್ಬರು, ಪೈವಳಿಕೆ

ಉತ್ತರ: ಇದೆ, ಅದರಲ್ಲಿ ಕೆಲವು ನಮ್ಮ ಪಂಚಾಯತ್ ಅಧ್ಯಕ್ಷರಿಗೂ ಇಲ್ಲದ ಅಧಿಕಾರಗಳು. ಕ್ರಾಂತಿಯ ವರ್ಷವಾದ 1789ರ ಡಿಸೆಂಬರಿನ ಕಾನೂನಿನಿಂದ ರೂಪುಗೊಂಡ ‘ಕೊಮ್ಯೂನ್’ ಎಂಬ ಆಡಳಿತ ಘಟಕ ಇಂದಿಗೂ ಉಳಿದುಬಂದಿದೆ. ಕೇರಳಕ್ಕೆಲ್ಲ ಸೇರಿ ಗ್ರಾಮ ಪಂಚಾಯತುಗಳು 941 ಇದ್ದರೆ ಅಲ್ಲಿ ಕೊಮ್ಯೂನ್‌ಗಳು ಸುಮಾರು 35,000 ಇವೆ, ಮತ್ತು ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ.

ಮೇಯರ್ ಊರಿನ ಪ್ರತಿನಿಧಿಯೂ ಹೌದು, ಸರಕಾರದ ಪ್ರತಿನಿಧಿಯೂ ಹೌದು. ನಮ್ಮಲ್ಲಿ ಪಂಚಾಯತ್ ಕಾರ್ಯದರ್ಶಿಯವರು ನೋಡಿಕೊಳ್ಳುವ ಜನನ, ಮರಣ, ವಿವಾಹ ನೋಂದಣಿಯ ಹೊಣೆ ಅಲ್ಲಿ ಮೇಯರರದು. ವಿವಾಹವನ್ನಂತೂ ಅವರೋ ಅವರ ಉಪಮೇಯರರೋ ನೆರವೇರಿಸಬೇಕು. ಮೂರು ಬಣ್ಣಗಳ ಪಟ್ಟಿಯನ್ನು ಹೆಗಲಿನಿಂದ ಸೊಂಟಕ್ಕೆ ಧರಿಸಿ, ಯಾರು ಬೇಕಾದರೂ ಒಳಬಂದು ಆಕ್ಷೇಪಿಸಲು ಅನುಕೂಲವಾಗುವಂತೆ ಸಭಾಂಗಣದ ಬಾಗಿಲನ್ನು ತೆರೆದೇ ಇರಿಸಿ, ಗಂಡಹೆಂಡಿರು ಪರಸ್ಪರ ಗೌರವ, ನಿಷ್ಠೆ, ನೆರವುಗಳಿಂದ ಬಾಳಬೇಕೆನ್ನುವ ಕಾನೂನಿನ ವಿಧಿಗಳನ್ನು ಓದಿ ಹೇಳಿ, ಇಬ್ಬರ ಒಪ್ಪಿಗೆ ಕೇಳಿದ ಮೇಲೆ ದಾಖಲೆ ಪುಸ್ತಕಕ್ಕೆ ಸಹಿ ಬೀಳುತ್ತದೆ. ಇದಾಗದೆ ಚರ್ಚಿನಲ್ಲಿ ಮದುವೆ ಮಾಡಿಸುವಂತಿಲ್ಲ. ಆ ಚರ್ಚು 1905ಕ್ಕೆ ಮೊದಲು ಕಟ್ಟಿದ್ದಾದರೆ ಸಾಮಾನ್ಯವಾಗಿ ಅದೂ ಕೊಮ್ಯೂನಿನ ಆಸ್ತಿ. ಸೋರುವ ಮಾಡನ್ನು ರಿಪೇರಿ ಮಾಡಿಸುವ ತಲೆನೋವು ಪಾದ್ರಿಗಳಿಗಿಂತ ಹೆಚ್ಚಾಗಿ ಮೇಯರರಿಗೇ.

ಇಂಥ ಆಡಳಿತ ನಮಗೆ ತೀರ ದೂರದ್ದೂ ಅಲ್ಲ. ಕಣ್ಣೂರು, ತಲಶ್ಶೇರಿ ದಾಟಿದರೆ ಸಿಗುವ ಮಾಹೆ 1954ರವರೆಗೂ ಫ್ರೆಂಚರ ಕೈಯಲ್ಲಿತ್ತು, ಅಲ್ಲಿಯೂ ಮೇಯರರಿದ್ದರು.

ಪ್ರಶ್ನೆ: ಅಷ್ಟು ಸಣ್ಣ ಊರಿಗೆ ದುಡ್ಡು ಎಲ್ಲಿಂದ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಭೂಮಿ ಮತ್ತು ಕಟ್ಟಡಗಳ ತೆರಿಗೆಯಿಂದ, ಸರಕಾರದ ಅನುದಾನದಿಂದ. ಜನರು ಕಾಯಂ ವಾಸಿಸುವ ಮನೆಗಳ ಮೇಲಿದ್ದ ವಾಸದ ತೆರಿಗೆ 2023ರಲ್ಲಿ ಪೂರ್ತಿ ರದ್ದಾಗಿ, ರಜೆಗೆಂದು ಬಂದುಹೋಗುವವರ ಎರಡನೆಯ ಮನೆಗಳ ಮೇಲೆ ಮಾತ್ರ ಉಳಿದಿದೆ. ಕಸ ವಿಲೇವಾರಿಯಂಥ ಖರ್ಚಿನ ಬಾಬ್ತುಗಳನ್ನು ಹಲವು ಕೊಮ್ಯೂನ್‌ಗಳು ಸೇರಿದ ಒಕ್ಕೂಟಕ್ಕೆ ಬಿಟ್ಟುಕೊಡಲಾಗಿದೆ. 2015ರ ಕಾನೂನು ಅಂಥ ಒಕ್ಕೂಟದಲ್ಲಿ, ಬೆಟ್ಟ ಪ್ರದೇಶ ಮುಂತಾದ ವಿನಾಯಿತಿಗಳನ್ನು ಬಿಟ್ಟರೆ, ಕನಿಷ್ಠ 15,000 ಜನರಿರಬೇಕೆಂದು ವಿಧಿಸಿತು. ನನ್ನ ದೃಷ್ಟಿಯಲ್ಲಿ ಹಳ್ಳಿಯ ಮೇಯರರ ನಿಜವಾದ ಸಂಕಟ ಇಲ್ಲಿಯೇ ಇದೆ: ತೀರ್ಮಾನ ಒಕ್ಕೂಟದ ಕಚೇರಿಯಲ್ಲಿ ಆಗುತ್ತದೆ, ದೂರು ಮಾತ್ರ ಅವರ ಮನೆಬಾಗಿಲಿಗೆ ಬರುತ್ತದೆ. ಊರಿನ ಶಾಂತಿಸುವ್ಯವಸ್ಥೆಯ ಹೊಣೆಯೂ ಅವರದೇ. 2019ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಸಿನ್ಯ್ ಎಂಬ ಊರಿನ ಎಪ್ಪತ್ತಾರರ ಮೇಯರ್, ಕಟ್ಟಡದ ಅವಶೇಷಗಳನ್ನು ದಾರಿಬದಿಯಲ್ಲಿ ಸುರಿಯುತ್ತಿದ್ದವರನ್ನು ತಡೆಯಲು ಹೋಗಿ, ಅವರ ವಾಹನದಡಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು.

ಪ್ರಶ್ನೆ: ಅಲ್ಲಿಯೂ ಪಕ್ಷದ ಚಿಹ್ನೆಯ ಮೇಲೆಯೇ ಚುನಾವಣೆಯೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಸಣ್ಣ ಊರುಗಳಲ್ಲಿ ಪಕ್ಷದ ಹೆಸರು ಕೇಳಿಬರುವುದೇ ಅಪರೂಪ. ಆರು ವರ್ಷಕ್ಕೊಮ್ಮೆ ಜನರು ಸದಸ್ಯರನ್ನೂ, ಆ ಸದಸ್ಯರು ತಮ್ಮೊಳಗಿಂದ ಮೇಯರನ್ನೂ ಆರಿಸುತ್ತಾರೆ. 2020ರವರೆಗೆ ಸಾವಿರಕ್ಕಿಂತ ಕಡಿಮೆ ಜನರಿರುವ ಊರಿನ ಮತದಾರರು ಮತಪತ್ರದಲ್ಲಿ ಬೇಡದ ಹೆಸರನ್ನು ಹೊಡೆದುಹಾಕಿ ಬೇರೊಬ್ಬ ಅಭ್ಯರ್ಥಿಯ ಹೆಸರನ್ನು ಬರೆಯಬಹುದಾಗಿತ್ತು. 2025ರ ಮೇ ತಿಂಗಳ ಕಾನೂನು ಈ ಸ್ವಾತಂತ್ರ್ಯವನ್ನು ತೆಗೆದು, 2026ರ ಮಾರ್ಚ್ ಚುನಾವಣೆಯಿಂದ ಹೆಣ್ಣುಗಂಡು ಹೆಸರುಗಳು ಒಂದಾದ ಮೇಲೊಂದು ಬರುವ ಪಟ್ಟಿಯನ್ನು ಅಲ್ಲಿಯೂ ಕಡ್ಡಾಯ ಮಾಡಿತು.