13 ಅಂಕ ಬಂದರೆ ಖಿನ್ನತೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕಬ್ಬು, ಭತ್ತ ಬೆಳೆದುಕೊಂಡಿದ್ದಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಈಚೆಗೆ ಸಕ್ಕರೆ ಪರೀಕ್ಷೆಗೆ ಹೋದಾಗ ಅಲ್ಲಿನ ನರ್ಸ್ ಒಂಬತ್ತು ಪ್ರಶ್ನೆ ಕೇಳಿ, 13 ಅಂಕ ಬಂದಿದೆ, ಮನೋವೈದ್ಯರನ್ನು ಕಾಣಿ ಎಂದರಂತೆ. ಅಪ್ಪ ಒಪ್ಪುತ್ತಿಲ್ಲ. ಅದೇ ಪ್ರಶ್ನೆಗಳನ್ನು ಮನೆಯಲ್ಲಿ ಮೊಬೈಲ್ ನೋಡಿಕೊಂಡು ನಾವೇ ಕೇಳಿದಾಗ 6 ಬಂತು. ಯಾವುದನ್ನು ನಂಬುವುದು? ಇದಕ್ಕೆ ರಕ್ತಪರೀಕ್ಷೆ ಇಲ್ಲವೇ?
— ಹೆಸರು ಬೇಡ, ಮೈಸೂರು

ಉತ್ತರ: ಖಿನ್ನತೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ, ಆದ್ದರಿಂದಲೇ ಕೇಳಿ ತಿಳಿಯಬೇಕಾಗಿದೆ. ನರ್ಸ್ ಬಳಸಿದ್ದು ಬಹುಶಃ 2001ರಲ್ಲಿ ಪ್ರಕಟವಾದ ಪಿ.ಎಚ್.ಕ್ಯೂ-9 ಎಂಬ ಪ್ರಶ್ನಾವಳಿ. ಆಸಕ್ತಿ ಕುಂದುವುದು, ಮನಸ್ಸು ಕುಗ್ಗುವುದು, ನಿದ್ರೆ, ಸುಸ್ತು, ಹಸಿವು, ತನ್ನ ಬಗ್ಗೆಯೇ ಕೀಳರಿಮೆ, ಏಕಾಗ್ರತೆ, ಚಲನೆ ನಿಧಾನವಾಗುವುದು ಅಥವಾ ಚಡಪಡಿಕೆ, ಸಾವಿನ ಯೋಚನೆ ಎಂಬ ಒಂಬತ್ತು ಲಕ್ಷಣಗಳು ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಕಾಡಿದವು ಎಂದು ಅದು ಕೇಳುತ್ತದೆ. ಒಂದು ದಿನವೂ ಇಲ್ಲವೆಂದರೆ 0, ಹೆಚ್ಚುಕಡಿಮೆ ದಿನವೂ ಇದೆಯೆಂದರೆ 3, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ವೈದ್ಯರ ಬಳಿಗೆ ಕಳಿಸುತ್ತಾರೆ.

ಕಳಿಸುವುದು ಬೇರೆ, ಕಾಯಿಲೆ ಇದೆಯೆಂದು ತೀರ್ಮಾನಿಸುವುದು ಬೇರೆ. 10ನ್ನು ಗೆರೆಯಾಗಿಟ್ಟುಕೊಂಡಾಗ, ಖಿನ್ನತೆ ಇರುವವರಲ್ಲಿ ಶೇ. 88ರಷ್ಟು ಮಂದಿಯನ್ನು ಈ ಪ್ರಶ್ನಾವಳಿ ಗುರುತಿಸಿತು, ಇಲ್ಲದವರಲ್ಲಿಯೂ ಶೇ. 88ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು ಎಂದು ಮೂಲ ಅಧ್ಯಯನ ಹೇಳಿತು. ಇದು ಒಳ್ಳೆಯ ಫಲಿತಾಂಶವೇ. ಆದರೂ ನೂರು ಮಂದಿಯಲ್ಲಿ ಹತ್ತು ಮಂದಿಗೆ ಖಿನ್ನತೆ ಇದೆಯೆಂದುಕೊಂಡು ಲೆಕ್ಕ ಹಾಕಿದರೆ, ಅವರಲ್ಲಿ ಸುಮಾರು ಒಂಬತ್ತು ಮಂದಿಯ ಜೊತೆಗೆ ಖಿನ್ನತೆ ಇಲ್ಲದ ಹನ್ನೊಂದು ಮಂದಿಯೂ ಗೆರೆ ದಾಟುತ್ತಾರೆ. ನಿಮ್ಮ ತಂದೆಯವರು ಯಾವ ಗುಂಪಿನವರೆಂಬುದನ್ನು ಅಂಕ ಹೇಳಲಾರದು.

ಅದಕ್ಕಾಗಿ ಆ 13 ಎಲ್ಲಿಂದ ಬಂತೆಂದು ನೋಡಬೇಕು. ಸಕ್ಕರೆ ಹತೋಟಿಯಲ್ಲಿಲ್ಲದವರು ರಾತ್ರಿ ಮೂತ್ರಕ್ಕಾಗಿ ಪದೇ ಪದೇ ಏಳುತ್ತಾರೆ, ಹಗಲೆಲ್ಲ ಸುಸ್ತೆನ್ನುತ್ತಾರೆ. ನಿದ್ರೆ, ಸುಸ್ತು ಎರಡರಲ್ಲೇ 6 ಅಂಕ ಸೇರಿಬಿಡಬಹುದು. ಖಿನ್ನತೆ ಎನ್ನಬೇಕಾದರೆ ಪಟ್ಟಿಯ ಮೊದಲ ಎರಡರಲ್ಲಿ, ಎಂದರೆ ಆಸಕ್ತಿ ಕುಂದುವುದು ಮತ್ತು ಮನಸ್ಸು ಕುಗ್ಗುವುದರಲ್ಲಿ, ಒಂದಾದರೂ ಇರಲೇಬೇಕು. ಗದ್ದೆಯ ಕಡೆ ಹೋಗುವುದು, ಅರಳಿಕಟ್ಟೆಯಲ್ಲಿ ಕೂತು ಮಾತಾಡುವುದು, ಮೊಮ್ಮಕ್ಕಳನ್ನು ಕರೆಯುವುದು ಮೊದಲಿನಂತೆಯೇ ಇದೆಯೋ, ಕಡಿಮೆಯಾಗಿದೆಯೋ ಎಂಬುದು ನಿಮಗೇ ಗೊತ್ತಿರುತ್ತದೆ. ವೈದ್ಯರಿಗೆ ಅದನ್ನು ತಿಳಿಸಿ. ನಮ್ಮ ಕಡೆಯ ಹಿರಿಯರು ಮನಸ್ಸಿನ ಸಂಕಟವನ್ನು ಮೈಕೈ ನೋವು, ಎದೆಭಾರ, ಹೊಟ್ಟೆಯುರಿ ಎಂದೇ ಹೇಳಿಕೊಳ್ಳುವುದು ಹೆಚ್ಚಾದ್ದರಿಂದ, ‘ಬೇಸರವೇನಿಲ್ಲ’ ಎಂಬ ಒಂದೇ ಮಾತಿನ ಮೇಲೆ ಪ್ರಶ್ನೆಯನ್ನು ಕೈಬಿಡಬಾರದು.

ಇನ್ನು ಮನೆಯಲ್ಲಿ ಬಂದ 6. ಸೊಸೆ, ಮೊಮ್ಮಕ್ಕಳು ಸುತ್ತ ಕೂತಿರುವಾಗ ಸಾಯುವ ಯೋಚನೆ ಬಂದಿದೆಯೇ ಎಂದು ಮಗನೋ ಮಗಳೋ ಕೇಳಿದರೆ ‘ಹೌದು’ ಎನ್ನುವ ತಂದೆ ಅಪರೂಪ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ನಾನು ನರ್ಸ್ ಬರೆದುಕೊಂಡ ಹಾಳೆಯನ್ನೇ ಆರಿಸುತ್ತೇನೆ. ಅದರಲ್ಲಿ ಒಂಬತ್ತನೆಯ ಪ್ರಶ್ನೆಗೆ 0 ಬಿಟ್ಟು ಬೇರೆ ಉತ್ತರವಿದ್ದರೆ, ಒಟ್ಟು ಅಂಕ ಎಷ್ಟೇ ಇರಲಿ, ತಡಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಮನೆಯಲ್ಲಿ ಇಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮನೋವೈದ್ಯರನ್ನು ಕಾಣಬಹುದು. ಥೈರಾಯ್ಡ್, ರಕ್ತಹೀನತೆ, ಬಿ-12 ಕೊರತೆಗಳೂ ಇಂಥವೇ ಲಕ್ಷಣಗಳನ್ನು ತೋರಿಸಬಲ್ಲವಾದ್ದರಿಂದ ಅವಕ್ಕೆ ರಕ್ತಪರೀಕ್ಷೆ ಬರೆದುಕೊಟ್ಟಾರು. ಹಾಳೆಯನ್ನು ಜೋಪಾನವಾಗಿಡಿ: ಚಿಕಿತ್ಸೆ ಶುರುವಾದರೆ, ಕೆಲವು ವಾರಗಳ ನಂತರ ಅದೇ ಪ್ರಶ್ನೆಗಳಿಗೆ ಬರುವ ಅಂಕವನ್ನು ಇದರ ಜೊತೆ ಹೋಲಿಸಿ ಗುಣವನ್ನು ಅಳೆಯುತ್ತಾರೆ.

ಪ್ರಶ್ನೆ: ಬಾಣಂತನಕ್ಕೆ ಬಂದಿರುವ ಮಗಳಿಗೆ ಆಸ್ಪತ್ರೆಯಲ್ಲಿ ಬೇರೆಯದೇ ಹತ್ತು ಪ್ರಶ್ನೆ ಕೇಳಿದರು. ಏಕೆ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಕೂಸಿರುವ ಮನೆಯಲ್ಲಿ ತಾಯಿಗೆ ನಿದ್ರೆಗೆಡುವುದು, ಸುಸ್ತಾಗುವುದು ಸಹಜವಾದ್ದರಿಂದ ಅವುಗಳನ್ನೇ ಎಣಿಸಿದರೆ ದಾರಿ ತಪ್ಪುತ್ತದೆ. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿ ಅದಕ್ಕೆಂದೇ ಸಿದ್ಧವಾದದ್ದು. ಅದು ಕಳೆದ ಏಳು ದಿನಗಳ ಬಗ್ಗೆ ಮಾತ್ರ ಕೇಳುತ್ತದೆ. ನಿದ್ರೆಯನ್ನು ಕುರಿತು ಕೇಳುವಾಗಲೂ ದುಃಖದಿಂದ ನಿದ್ರೆ ಬಾರದಂತಾಗಿದೆಯೇ ಎಂದೇ ಕೇಳುತ್ತದೆ. ಅದರ ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಮಗಳು ಅದಕ್ಕೆ ಏನೆಂದು ಉತ್ತರಿಸಿದ್ದಾಳೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ, ಅವಳ ಒಪ್ಪಿಗೆ ಪಡೆದು.