ಬೆಳಿಗ್ಗೆ ಗ್ರೀನ್ ಟೀ, ರಾತ್ರಿ ಪೆಗ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 45ರ ಆಸುಪಾಸು. ದಿನಾ ರಾತ್ರಿ ಮೂರು ನಾಲ್ಕು ಪೆಗ್. ರಕ್ತಪರೀಕ್ಷೆಯಲ್ಲಿ ಜಿಜಿಟಿ, ಎಎಸ್‌ಟಿ ಎಂಬ ಲಿವರ್ ಕಿಣ್ವಗಳು ಏರಿದ್ದವು. ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿತ್ತು. ಹೆಂಡತಿಯ ಒತ್ತಾಯಕ್ಕೆ ನನ್ನ ಬಳಿ ಬಂದಿದ್ದರು, ಆದರೆ ಮುಖದಲ್ಲಿ ಚಿಂತೆ ಇರಲಿಲ್ಲ.

“ಅದಕ್ಕೆ ವ್ಯವಸ್ಥೆ ಮಾಡ್ಕೊಂಡಿದ್ದೀನಿ ಮೇಡಂ” ಎಂದರು. ದಿನಕ್ಕೆ ಐದಾರು ಕಪ್ ಗ್ರೀನ್ ಟೀ, ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ರೀನ್ ಟೀ ಸಾರದ ಎರಡು ಕ್ಯಾಪ್ಸೂಲ್. “ಆ್ಯಂಟಿಆಕ್ಸಿಡೆಂಟ್ ಲಿವರ್ ಕಾಯುತ್ತೆ. ಸಂಶೋಧನೆಯೇ ಇದೆಯಲ್ಲ!”

ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಹೇಳಿದರು: “ಟೀ ಶುರು ಮಾಡಿದ ಮೇಲೆ ಇವರು ಕುಡಿಯೋದು ಜಾಸ್ತಿಯೇ ಆಗಿದೆ.” ಆ ದಿನದ ಮಾತುಕತೆಯಲ್ಲಿ ನಾನು ಹಿಡಿದುಕೊಂಡದ್ದು ಇದೊಂದನ್ನೇ.

ಸಂಶೋಧನೆ ಸುಳ್ಳೇನಲ್ಲ, ಅದನ್ನು ಮೊದಲು ಒಪ್ಪಿಕೊಂಡೆ. ಇಂಥವರ ಹತ್ತಿರ “ಅದೆಲ್ಲ ಬೊಗಳೆ” ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮದ್ಯವನ್ನು ಲಿವರ್ ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ದಿನಾ ಕುಡಿಯುವವರಲ್ಲಿ ಜೀವಕೋಶಗಳನ್ನು ಸುಡುವಂಥ ಆಮ್ಲಜನಕದ ಕಣಗಳೂ ಹೆಚ್ಚುತ್ತವೆ. ಲಿವರ್ ತನ್ನ ರಕ್ಷಣೆಗೆ ಇಟ್ಟುಕೊಂಡ ಗ್ಲುಟಾಥಿಯೋನ್ ಕರಗುತ್ತಾ ಹೋಗುತ್ತದೆ. ಟೀಯಲ್ಲಿರುವ ಕ್ಯಾಟೆಚಿನ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳು, ಅದರಲ್ಲೂ ಇಜಿಸಿಜಿ ಎಂಬುದು, ಮದ್ಯ ಕೊಟ್ಟ ಇಲಿಗಳಲ್ಲಿ ಈ ಹಾನಿಯನ್ನು ಸ್ವಲ್ಪ ತಗ್ಗಿಸಿವೆ. ಆದರೆ ಇಲಿಗೆ ಮದ್ಯ, ಟೀ ಎರಡನ್ನೂ ಅಳತೆ ಮಾಡಿ ಕೊಡುತ್ತಾರೆ. “ಟೀ ಇದೆಯಲ್ಲ” ಎಂದು ಇಲಿ ಇನ್ನೊಂದು ಪೆಗ್ ಹಾಕಿಕೊಳ್ಳುವುದಿಲ್ಲ. ಇದಕ್ಕೆ ಅವರಿಗೂ ನಗು ಬಂತು.

ಇನ್ನು ನಾವು ಕುಡಿದ ಇಜಿಸಿಜಿಯಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ದಿನಾ ಕುಡಿಯುತ್ತಲೇ ಇರುವವರ ಲಿವರನ್ನು ಟೀ ಉಳಿಸುತ್ತದೆ ಎಂದು ಯಾವ ವೈದ್ಯರೂ ಭರವಸೆ ಕೊಡುವುದಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಕ್ಯಾಪ್ಸೂಲ್. ಡಬ್ಬಿ ತರಿಸಿ ನೋಡಿದೆ. ಎರಡು ಕ್ಯಾಪ್ಸೂಲ್ ಸೇರಿ 800 ಮಿಲಿಗ್ರಾಂ ಇಜಿಸಿಜಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದ್ದು ಇದೇ ಪ್ರಮಾಣದ ಬಗ್ಗೆ: ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ತೆಗೆದುಕೊಂಡವರಲ್ಲಿ ಲಿವರ್ ಕಿಣ್ವಗಳು ಏರಿದ್ದವು. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತದೆ. ಲಿವರ್ ಕಾಯಲಿ ಎಂದು ನುಂಗಿದ್ದೇ ಅದಕ್ಕೆ ಹೊರೆಯಾಗಿರಬಹುದು, ಅಲ್ವಾ? ಸಾಮಾನ್ಯವಾಗಿ ಕುದಿಸಿ ಕುಡಿಯುವ ಟೀಗೆ ಈ ಭಯವಿಲ್ಲ.

ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ, ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ ಎಂದೆ. ಟೀ ಇಷ್ಟವಿದ್ದರೆ ಎರಡು ಮೂರು ಕಪ್ ಸಾಕು, ಸಂಜೆ ಮೇಲೆ ಬೇಡ. ನಿದ್ದೆ ಕೆಟ್ಟರೆ ಕುಡಿಯಲು ಅದೇ ಇನ್ನೊಂದು ನೆಪವಾಗುತ್ತದೆ. ತಲೆನೋವಿಗೆ ತಾವೇ ಪ್ಯಾರಾಸಿಟಮಾಲ್ ನುಂಗುವುದೂ ಬೇಡ, ಅದೂ ಇಂಥ ಲಿವರ್‌ಗೆ ಹೊರೆಯಾಗಬಹುದು.

“ಹಾಗಾದ್ರೆ ನಾಳೆಯಿಂದ ಡ್ರಿಂಕ್ಸ್ ಪೂರ್ತಿ ಬಿಟ್ಟುಬಿಡ್ತೀನಿ” ಎಂದರು. ಅದಕ್ಕೂ ತಡೆ ಹಾಕಬೇಕಾಯಿತು. ಬೆಳಿಗ್ಗೆ ಅವರ ಕೈ ನಡುಗುತ್ತಿತ್ತು. ಅಂಥವರು ಹಠಾತ್ತಾಗಿ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಸನ್ನಿಯೂ ಕಾಣಬಹುದು. ವೈದ್ಯರ ನಿಗಾದಲ್ಲಿ, ಥಯಾಮಿನ್ (ವಿಟಮಿನ್ ಬಿ1) ಮತ್ತು ಬೇಕಾದ ಔಷಧಿಯೊಂದಿಗೆ ನಿಲ್ಲಿಸಬೇಕು. ಹಾಗೇ ಮಾಡಿದೆವು.

ಹೆಂಡತಿಗೆ ಹೇಳಿದ್ದು ಇಷ್ಟೇ: ಬಾಟಲಿ ಹುಡುಕುವ ಕಾವಲು ಕೆಲಸ ಬಿಡಿ. ರಾತ್ರಿ ಎಂಟರಿಂದ ಒಂಬತ್ತೂವರೆ ಅವರಿಗೆ ಕಷ್ಟದ ಹೊತ್ತು. ಊಟವನ್ನು ಎಂಟಕ್ಕೇ ತಂದರೆ ಅರ್ಧ ಕೆಲಸ ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕಾಡುವ ಆಸೆ ಊಟವಾದ ಮೇಲೆ ಅಷ್ಟು ಕಾಡುವುದಿಲ್ಲ.

ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಕಿಣ್ವಗಳು ಇಳಿದಿದ್ದವು. ಕುಡಿತ ಪೂರ್ತಿ ನಿಂತರೆ ಬರೀ ಕೊಬ್ಬು ಸೇರಿದ ಲಿವರ್ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳಲು ಶುರುಮಾಡುತ್ತದೆ. ಇಳಿದಿದ್ದಕ್ಕೆ ಅವರು ಟೀಗೂ ಸ್ವಲ್ಪ ಹೆಸರು ಕೊಟ್ಟರು. ನಾನು ವಾದಕ್ಕಿಳಿಯಲಿಲ್ಲ. ಆಮೇಲೆ ನಿರೀಕ್ಷಿಸಿದ್ದ ಪ್ರಶ್ನೆ ಬಂತು: “ವಾರಕ್ಕೊಂದು ದಿನ, ಎರಡೇ ಎರಡು?”

ಬೇಡ ಎಂದೆ. ಲಿವರ್ ಗಾಯಕಟ್ಟಿ ಗಟ್ಟಿಯಾಗಿದೆಯೇ ಎಂದು ನೋಡುವ ಸ್ಕ್ಯಾನ್ ಇನ್ನೂ ಬಾಕಿಯಿದೆ. ಜೊತೆಗೆ, “ಎರಡೇ” ಎಂಬ ಲೆಕ್ಕ ಈ ಮನೆಯಲ್ಲಿ ಈ ಮೊದಲು ಎಷ್ಟು ದಿನ ನಿಂತಿತ್ತು ಎಂದು ಹೆಂಡತಿಯನ್ನೇ ಕೇಳಿ ಎಂದೆ. ಕೇಳುವ ಅಗತ್ಯವಿಲ್ಲ ಎಂದು ಅವರೇ ತಲೆಯಾಡಿಸಿದರು. ಮುಂದಿನ ಭೇಟಿಗೆ ದಿನ ಗೊತ್ತುಮಾಡಿಕೊಂಡು ಹೋದರು.